ಸೈಟೇಶನ್ ಎಣಿಸುವ ನೌಕರಿ

ಲೈಬ್ರರಿ ಅಂದರೆ ಸದ್ದಿಲ್ಲದ ಜಾಗ, ಅಲ್ಲಿ ಏನು ತಾನೇ ನಡೆದೀತು ಅಂತ ಜನ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡು ಸೇರಿದವಳು. ದೊಡ್ಡಬಳ್ಳಾಪುರದ ರಸ್ತೆಯಲ್ಲಿರುವ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲೈಬ್ರೇರಿಯನ್ ಆಗಿ ಹದಿನಾರು ವರ್ಷವಾಯಿತು. ಮೊದಮೊದಲು ಪುಸ್ತಕ ಕೊಡೋದು, ವಾಪಸ್ ತಗೊಳ್ಳೋದು, ಹರಿದದ್ದನ್ನು ಅಂಟಿಸೋದು, ಇಷ್ಟೇ ಕೆಲಸ. ಆಮೇಲೆ ಹೊಸದೊಂದು ಬಂತು. ನಮ್ಮ ಮೇಷ್ಟ್ರುಗಳು ಬರೆದ ಸಂಶೋಧನಾ ಪೇಪರುಗಳನ್ನು ಬೇರೆಯವರು ತಮ್ಮ ಪೇಪರುಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅಂತ ಎಣಿಸಿ ಪಟ್ಟಿ ಮಾಡಬೇಕು. ಆ ಉಲ್ಲೇಖಕ್ಕೆ ಸೈಟೇಶನ್ ಅನ್ನುತ್ತಾರೆ. ಪೇಪರು ಅಚ್ಚಾಗುವ ಜರ್ನಲ್ಲುಗಳಿಗೂ ಒಂದು ಅಂಕಿ ಇದೆ, ಇಂಪ್ಯಾಕ್ಟ್ ಫ್ಯಾಕ್ಟರ್ ಅಂತ. ಆ ಜರ್ನಲ್ಲಿನಲ್ಲಿ ಹಿಂದಿನ ಎರಡು ವರ್ಷ ಬಂದ ಪೇಪರುಗಳಿಗೆ ಸರಾಸರಿ ಎಷ್ಟೆಷ್ಟು ಸೈಟೇಶನ್ ಸಿಕ್ಕಿತು ಅನ್ನುವ ಲೆಕ್ಕ ಅದು.

ಲೆಕ್ಕ ಸುಲಭ. ಆದರೆ ತನ್ನ ಹೆಸರಿನ ಮುಂದೆ ಒಂದು ಅಂಕಿ ಕಂಡ ಮನುಷ್ಯ ಏನೇನು ಮಾಡುತ್ತಾನೆ ಅನ್ನೋದು ಸುಲಭವಲ್ಲ. ವರ್ಷಕ್ಕೆ ಒಂದೆರಡು ಸಲವಾದರೂ ನಗಬೇಕೋ ಸುಮ್ಮನಿರಬೇಕೋ ತೋಚದ ಹಾಗೆ ಏನಾದರೂ ಆಗೇ ಆಗುತ್ತೆ.

೧. ಐದು ಹಾಕ್ಸಿ

ನಮ್ಮ ಕಾಲೇಜಿನ ಅಧ್ಯಕ್ಷರು ನಂದಗುಡಿ ಕಡೆಯವರು. ಒಕ್ಕಲುತನದ ಮನೆ. ಈಗಲೂ ಹಾಲು ಡೇರಿಗೆ ಹೋದದ್ದು ಖಾತ್ರಿಯಾದ ಮೇಲೇ ಕಾಲೇಜಿನ ಕಡೆ ಹೊರಡುತ್ತಾರೆ. ಒಂದು ದಿನ ಮೀಟಿಂಗಿನಲ್ಲಿ ಪ್ರಿನ್ಸಿಪಾಲರನ್ನು ಕೇಳಿದರು, "ಅದೇನೋ ಇಂಪ್ಯಾಕ್ಟ್ ಫ್ಯಾಕ್ಟರ್ ಅಂತೆ. ಆ ಕಡೆ ಕಾಲೇಜಿನೋರಿಗೆ ನಾಲ್ಕು ಇದೆಯಂತೆ. ನಮಗೆಷ್ಟು?"

ಪ್ರಿನ್ಸಿಪಾಲರು ನನ್ನ ಮುಖ ನೋಡಿದರು.

"ಕಾಲೇಜಿಗೆ ಅದು ಇರಲ್ಲ ಸಾರ್, ಜರ್ನಲ್ಲಿಗೆ ಇರುತ್ತೆ," ಅಂದೆ.

"ಇರ್ಲಿ ಬಿಡಮ್ಮ. ನಮಗೆ ಐದು ಹಾಕ್ಸಿ."

ಪ್ರಿನ್ಸಿಪಾಲರು ಡೈರಿಯಲ್ಲಿ 'ಐದು' ಅಂತ ಬರೆದುಕೊಂಡರು. ನನಗೆ ಸುಮ್ಮನಿರಲಾಗಲಿಲ್ಲ. ಆ ದಿನ ಒಂದು ಲೆಕ್ಚರರ್ ಕೆಲಸಕ್ಕೆ ಇಬ್ಬರು ಹುಡುಗಿಯರ ಅರ್ಜಿ ಮೇಜಿನ ಮೇಲಿತ್ತು. ಒಬ್ಬಳ ಪೇಪರು ದೊಡ್ಡ ಅಂಕಿಯ ಜರ್ನಲ್ಲಿನಲ್ಲಿ ಬಂದಿದೆ ಅಂತ ಅವಳನ್ನೇ ತಗೊಳ್ಳೋದು ಅಂತ ಆಗಲೇ ಮಾತಾಗಿತ್ತು. ಇನ್ನೊಬ್ಬಳದು ಸಣ್ಣ ಜರ್ನಲ್ಲು. ಅದು ಬರೀ ಸರಾಸರಿ ಸಾರ್, ಒಂದೆರಡು ಪೇಪರಿಗೆ ನೂರಾರು ಸೈಟೇಶನ್ ಬಂದು ಮಿಕ್ಕವಕ್ಕೆ ಒಂದೂ ಬರದೇ ಇದ್ದರೂ ಜರ್ನಲ್ಲಿನ ಅಂಕಿ ದೊಡ್ಡದಾಗೇ ಕಾಣುತ್ತೆ ಅಂತ ಬಿಡಿಸಿ ಹೇಳಿದೆ.

ಅಧ್ಯಕ್ಷರು ಸ್ವಲ್ಪ ಹೊತ್ತು ಕನ್ನಡಕ ಒರೆಸಿಕೊಂಡರು. "ಅಂದ್ರೆ ಡೇರಿ ಕ್ಯಾನ್ ಇದ್ದಂಗೆ. ಎಲ್ಲಾರ ಹಾಲೂ ಅದರಲ್ಲೇ ಬಿದ್ದಿರುತ್ತೆ. ಕ್ಯಾನಿನ ಫ್ಯಾಟ್ ಚೆನ್ನಾಗಿದೆ ಅಂದ್ರೆ ನನ್ನ ಹಸು ಹಾಲು ಗಟ್ಟಿ ಅಂತೇನಲ್ಲ. ಅದಕ್ಕೇ ತಾನೆ ಕ್ಯಾನಿಗೆ ಹುಯ್ಯೋಕೆ ಮುಂಚೆ ಒಬ್ಬೊಬ್ಬರದೂ ಸ್ಯಾಂಪಲ್ ತೆಗೆಯೋದು?"

"ಅಷ್ಟೇ ಸಾರ್."

"ಹಂಗಾದ್ರೆ ಇಬ್ಬರದೂ ಸ್ಯಾಂಪಲ್ ತೆಗೀರಿ ಪ್ರಿನ್ಸಿಪಾಲ್ರೇ. ಪೇಪರು ಓದಿ ಹೇಳಿ, ಯಾರದು ವಾಸಿ ಅಂತ."

ಓದಿದಾಗ ಸಣ್ಣ ಜರ್ನಲ್ಲಿನ ಹುಡುಗಿಯದೇ ವಾಸಿ ಅನ್ನಿಸಿ ಅವಳಿಗೇ ಕೆಲಸ ಸಿಕ್ಕಿತು. ಆದರೆ ಅದು ಆಮೇಲಿನ ಮಾತು. ಅವತ್ತು ಮೀಟಿಂಗು ಮುಗಿಸಿ ಹೊರಗೆ ಬರುವಾಗ ಪ್ರಿನ್ಸಿಪಾಲರು ಎರಡು ಪೇಪರನ್ನೂ ಕೈಯಲ್ಲಿ ತೂಗಿ ನೋಡಿ ನನಗೆ ಮೆಲ್ಲಗೆ ಹೇಳಿದರು, "ಏನ್ ಮೇಡಂ ನೀವು. ಇದಕ್ಕಿಂತ ಐದು ಹಾಕ್ಸೋದೇ ಸುಲಭ ಇತ್ತು."

೨. ಪುಕ್ಕಟೆ ಕೆಲಸ

ನನ್ನ ಗಂಡನ ಸೋದರತ್ತೆ ಆವತಿಯಲ್ಲಿದ್ದಾರೆ. ಒಂದು ಭಾನುವಾರ ಹೋಗಿದ್ದಾಗ ಅವರ ಜೊತೆ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. "ಪುಸ್ತಕ ಓದೋರೇ ಇಲ್ಲವಂತಲ್ಲ, ಈಗ ನಿಂಗೇನಮ್ಮ ಅಲ್ಲಿ ಕೆಲಸ?" ಅಂತ ಕೇಳಿದರು.

ಹೇಗೆ ಹೇಳೋದು ಅಂತ ಯೋಚಿಸಿ, "ಯಾರು ಯಾರ ಹೆಸರು ಎತ್ತಿದ್ರು, ಎಷ್ಟು ಸಲ ಎತ್ತಿದ್ರು ಅಂತ ಎಣಿಸಿ ಬರೆದಿಡೋದು ಅತ್ತೆ," ಅಂದೆ.

ಅತ್ತೆಯ ಕೈ ನಿಂತಿತು. "ಅದಕ್ಕೂ ಸಂಬಳ ಕೊಡ್ತಾರಾ? ಅರವತ್ತು ವರ್ಷದಿಂದ ಇದೇ ಜಗಲಿ ಮೇಲೆ ನಾನು ಪುಕ್ಕಟೆ ಮಾಡ್ತಾ ಇದ್ದೀನಲ್ಲೇ."

೩. ಹನ್ನೊಂದು ಸೈಟೇಶನ್

ಮೆಕ್ಯಾನಿಕಲ್ ವಿಭಾಗದಲ್ಲಿ ಇಬ್ಬರು ಮೇಷ್ಟ್ರುಗಳಿದ್ದರು, ದೇವನಹಳ್ಳಿಯವರು. ದಿನಾ ಒಂದೇ ಬೈಕಿನಲ್ಲಿ ಬರೋರು. ಒಬ್ಬರು ಓಡಿಸೋರು, ಇನ್ನೊಬ್ಬರು ಹಿಂದೆ ಇಬ್ಬರ ಊಟದ ಡಬ್ಬಿಯನ್ನೂ ತೊಡೆ ಮೇಲಿಟ್ಟುಕೊಂಡು ಕೂರೋರು. ಅವರು ಬರೆದದ್ದರಲ್ಲಿ ಇವರ ಹೆಸರು, ಇವರು ಬರೆದದ್ದರಲ್ಲಿ ಅವರ ಹೆಸರು ಇದ್ದೇ ಇರುತ್ತಿತ್ತು. ಪಟ್ಟಿಯಲ್ಲಿ ಇಬ್ಬರೂ ಒಟ್ಟೊಟ್ಟಿಗೆ ಏರುತ್ತಿದ್ದರು.

ವಿಭಾಗದ ಮುಖ್ಯಸ್ಥರ ಜಾಗ ಖಾಲಿಯಾದಾಗ ಬೈಕ್ ಓಡಿಸೋರಿಗೆ ಅದು ಸಿಕ್ಕಿತು. ಎರಡೇ ಎರಡು ಸೈಟೇಶನ್ ಹೆಚ್ಚಿದ್ದವು ಅನ್ನೋದೇ ಕಾರಣ. ಮಾರನೇ ದಿನದಿಂದ ಹಿಂದೆ ಕೂರೋರು ಬಸ್ಸಿನಲ್ಲಿ ಬರತೊಡಗಿದರು. ಮೂರನೇ ದಿನ ನನ್ನ ಮೇಜಿನ ಮುಂದೆ ನಿಂತರು.

"ಮೇಡಂ, ಅವನ ಪೇಪರುಗಳನ್ನ ನಾನು ಹನ್ನೊಂದು ಕಡೆ ಸೈಟ್ ಮಾಡಿದ್ದೀನಿ. ಎಲ್ಲಾ ತೆಗೆಸ್ಬೇಕು. ಯಾರಿಗೆ ಬರೀಬೇಕು ಹೇಳಿ."

"ಅಚ್ಚಾಗಿಬಿಟ್ಟಿದೆಯಲ್ಲ ಸಾರ್. ಮದುವೇಲಿ ಮುಯ್ಯಿ ಓದಿಸಿದ ಮೇಲೆ ವಾಪಸ್ ಕೊಡಿ ಅನ್ನೋಕಾಗುತ್ತಾ?"

"ನನ್ನ ಸೈಟೇಶನ್ನಿಂದಲೇ ನನ್ನ ಮೇಲೆ ಕೂತ," ಅಂದರು. ಹನ್ನೆರಡು ವರ್ಷ ಒಂದೇ ಬೈಕಿನಲ್ಲಿ ಬಂದವರು. ಅವರನ್ನು ಹಾಗೇ ಕಳಿಸಲು ಮನಸ್ಸಾಗದೆ ಅವರ ಪೇಪರುಗಳನ್ನೆಲ್ಲ ತೆಗೆದು ಇಬ್ಬರೂ ಕೂತು ನೋಡಿದೆವು. ಒಂದರಲ್ಲಿ ಬೈಕ್ ಓಡಿಸೋರು ಮಾಡಿದ್ದ ಪ್ರಯೋಗದ ಮೇಲೇ ಇವರು ತಮ್ಮ ಕೆಲಸ ಕಟ್ಟಿದ್ದರು. ಇನ್ನೊಂದರಲ್ಲೂ ಹಾಗೇ, ಮತ್ತೊಂದರಲ್ಲೂ ಹಾಗೇ.

"ಈ ಮೂರನ್ನ ತೆಗೆದ್ರೆ ನಿಮ್ಮ ಪೇಪರಿಗೇ ಬುಡ ಇಲ್ಲ ಸಾರ್," ಅಂದೆ.

ಅವರು ಆ ಪುಟಗಳನ್ನು ಮತ್ತೊಮ್ಮೆ ತಿರುವಿದರು. "ಹೌದು. ಇದು ಅವನು ಒಳ್ಳೇ ಕೆಲಸ ಮಾಡಿದ್ದ. ಆ ವರ್ಷ ಬೇಸಿಗೆ ರಜಾನೂ ತಗೊಂಡಿರಲಿಲ್ಲ."

"ಸರಿ, ಈ ಮೂರು ನಿಜ. ಮಿಕ್ಕ ಎಂಟು ಯಾಕೆ ಹಾಕಿದ್ರಿ?"

"ಅವು ಪೆಟ್ರೋಲಿಗೆ ಮೇಡಂ."

ತಿಂಗಳೊಳಗೆ ಮತ್ತೆ ಒಂದೇ ಬೈಕಿನಲ್ಲಿ ಬಂದರು. ಈಗ ಪೆಟ್ರೋಲಿಗೆ ಸೈಟೇಶನ್ ಬೇಡ, ದುಡ್ಡೇ ಕೊಡು ಅಂತ ಒಪ್ಪಂದವಾಗಿದೆಯಂತೆ.

೪. ಲಗ್ನಪತ್ರಿಕೆನಾ, ಪೇಪರಾ

ನೆಲಮಂಗಲದಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬಳು ಯುವ ಲೆಕ್ಚರರ್ ನಮ್ಮಲ್ಲಿದ್ದಳು. ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಒಂದು ಪೇಪರು ಅಚ್ಚಾಗಲೇಬೇಕಿತ್ತು. ಎರಡು ಕಡೆಯಿಂದ ವಾಪಸ್ ಬಂದಿತ್ತು. ಮೂರನೆಯ ಕಡೆ, ಒಂದು 'ಇಂಟರ್‌ನ್ಯಾಷನಲ್' ಜರ್ನಲ್ಲು, ಎರಡೇ ದಿನದಲ್ಲಿ ಒಪ್ಪಿಕೊಂಡಿತ್ತು. ಇಂಪ್ಯಾಕ್ಟ್ ಫ್ಯಾಕ್ಟರ್ ಏಳು ಅಂತ ಬಣ್ಣದ ಅಕ್ಷರದಲ್ಲಿ ಬರೆದಿದ್ದರು. ಖುಷಿಯಿಂದ ಬಂದು ನನಗೆ ಪತ್ರ ತೋರಿಸಿದಳು. ಕೆಳಗಿದ್ದ ವಿಳಾಸ ಓದಿ, "ಇದು ನಿಮ್ಮೂರೇ ಅಲ್ವಾ?" ಅಂದೆ.

ಶನಿವಾರ ಮಧ್ಯಾಹ್ನ ಅವಳ ಜೊತೆ ನಾನೂ ಹೋದೆ. ಗೋಡೌನುಗಳ ಸಾಲು ದಾಟಿ, ಲಾರಿಗಳ ಸಂದಿಯಲ್ಲಿ ನುಸುಳಿ ಹೋದರೆ ಆ ವಿಳಾಸದಲ್ಲಿ ಒಂದು ಪ್ರಿಂಟಿಂಗ್ ಅಂಗಡಿ. ಒಳಗೆ ಒಬ್ಬರೇ ಕೂತು ಅರಿಶಿನ ಬಣ್ಣದ ಕಾರ್ಡುಗಳನ್ನು ಮಡಿಸುತ್ತಿದ್ದರು.

"ಎಡಿಟರ್ ಇದ್ದಾರಾ ಸಾರ್?" ಅಂತ ಹುಡುಗಿ ಕೇಳಿದಳು.

"ನಾನೇ ಕಣಮ್ಮ. ಲಗ್ನಪತ್ರಿಕೆನಾ, ಪೇಪರಾ?"

"ಪೇಪರು."

"ಕೂತ್ಕೊಳ್ಳಿ."

ಕೂತೆವು. ಪೇಪರನ್ನು ಓದಿ ಒಪ್ಪಿದವರು ಯಾರು ಅಂತ ಕೇಳಿದೆ. ಓದೋಕೆ ಅಂತ ಇಟ್ಟುಕೊಂಡರೆ ತಡವಾಗುತ್ತೆ ಮೇಡಂ, ಅಂದರು. ಈ ಏಳು ಅನ್ನೋ ಅಂಕಿ ಯಾರು ಕೊಟ್ಟರು ಅಂತ ಕೇಳಿದೆ.

"ನಾವೇ ಹಾಕ್ಕೋತೀವಿ. ಬೇರೆಯವರಿಗೆ ಯಾಕೆ ತೊಂದರೆ ಕೊಡೋದು?"

ಮನುಷ್ಯ ಕೆಟ್ಟವರ ಹಾಗೆ ಕಾಣಲಿಲ್ಲ. ನೀರು ಕೊಟ್ಟರು, ಫ್ಯಾನ್ ನಮ್ಮ ಕಡೆ ತಿರುಗಿಸಿದರು. ಹುಡುಗಿ ಮಾತ್ರ ತಲೆ ತಗ್ಗಿಸಿ ಕೂತಿದ್ದಳು. ನಾಲ್ಕು ವರ್ಷ ಪಟ್ಟ ಕಷ್ಟ ಆ ಕಾರ್ಡುಗಳ ಪಕ್ಕದಲ್ಲಿ ಬಿದ್ದಿತ್ತು. ಇಲ್ಲಿ ಹೂಂ ಅಂದರೆ ಸೋಮವಾರಕ್ಕೆ ಎಲ್ಲಾ ಮುಗಿಯುತ್ತೆ ಅಂತ ಅವಳಿಗೂ ಗೊತ್ತಿತ್ತು. ಎದ್ದು, "ವಾಪಸ್ ತಗೋತೀನಿ ಸಾರ್," ಅಂದಳು. ಅದಾದ ಮೇಲೆ ಪೇಪರನ್ನು ಮತ್ತೆ ತಿದ್ದಿ, ಒಂದು ಪುಟ್ಟ ಜರ್ನಲ್ಲಿಗೆ ಕಳಿಸಿ, ಒಂದು ವರ್ಷ ಕಾದಳು. ಅಲ್ಲಿ ಅಚ್ಚಾಯಿತು.

ಅವತ್ತು ನಾವು ಮೆಟ್ಟಿಲಿಳಿಯುವಾಗ ಎಡಿಟರ್ ಹಿಂದಿನಿಂದ ಕೂಗಿ ಹೇಳಿದ್ದರು, "ಬೇಜಾರಿಲ್ಲಮ್ಮ. ಲಗ್ನಪತ್ರಿಕೆನಾದ್ರೂ ಇಲ್ಲೇ ಮಾಡ್ಸು."

ಪಿಎಚ್‌ಡಿ ಮುಗಿದ ಮೇಲೆ ಮದುವೆಗೆ ನಿಜವಾಗಲೂ ಅಲ್ಲೇ ಮಾಡಿಸಿದಳು. ಒಂದಕ್ಷರ ತಪ್ಪಿರಲಿಲ್ಲ. ಅದನ್ನ ಮಾತ್ರ ಅವರು ಓದಿ ನೋಡಿದ್ದರಂತೆ.

೫. ರಾಗಿ ಹೊಟ್ಟಿನ ಬೂದಿ

ಸಿವಿಲ್ ವಿಭಾಗದ ಒಬ್ಬ ಹಿರಿಯ ಮೇಷ್ಟ್ರ ಬಡ್ತಿ ಆರು ವರ್ಷದಿಂದ ನಿಂತೇ ಇತ್ತು. ಮೆದು ಮಾತಿನವರು, ಯಾರ ಹತ್ತಿರವೂ ಏನೂ ಕೇಳಿದವರಲ್ಲ. ಒಂದು ವರ್ಷ ಪಟ್ಟಿ ಮಾಡುವಾಗ ನೋಡಿದರೆ ಇಡೀ ಕಾಲೇಜಿನಲ್ಲಿ ಎಲ್ಲರಿಗಿಂತ ಹೆಚ್ಚು ಸೈಟೇಶನ್ ಬಂದಿದ್ದು ಅವರ ಹಳೆಯ ಒಂದು ಪೇಪರಿಗೆ. ಅರವತ್ತೊಂದು. ರಾಗಿ ಹೊಟ್ಟಿನ ಬೂದಿ ಸೇರಿಸಿದರೆ ಮಣ್ಣಿನ ಇಟ್ಟಿಗೆ ಎಷ್ಟೋ ಪಾಲು ಗಟ್ಟಿಯಾಗುತ್ತೆ ಅನ್ನೋ ಪೇಪರು.

ಪ್ರಿನ್ಸಿಪಾಲರು ಹಿಗ್ಗಿದರು. ಮುಂದಿನ ವಾರವೇ ಯೂನಿವರ್ಸಿಟಿ ಕಮಿಟಿ ಬರುವುದಿತ್ತು, ಬಡ್ತಿಯ ಮಾತು ಅವರ ಕೈಯಲ್ಲೇ ಇತ್ತು. ಮೇಷ್ಟ್ರು ಮಾತ್ರ ಸಪ್ಪೆ ಮುಖ ಮಾಡಿಕೊಂಡು ಲೈಬ್ರರಿಗೆ ಬಂದರು.

"ಆ ಪೇಪರನ್ನ ಪಟ್ಟಿಯಿಂದ ತೆಗೀರಿ ಮೇಡಂ. ಅದು ತಪ್ಪು."

ಇಟ್ಟಿಗೆಯನ್ನು ಒತ್ತಿ ನೋಡುವ ಮಿಷನ್ನಿನ ಮುಳ್ಳು ಕೆಟ್ಟಿತ್ತಂತೆ, ಭಾರ ಇಲ್ಲದಾಗಲೂ ಸೊನ್ನೆಗೆ ಇಳಿಯುತ್ತಿರಲಿಲ್ಲ. ಪೇಪರು ಅಚ್ಚಾದ ಮೇಲೆ ಅದು ಅವರಿಗೆ ಗೊತ್ತಾಯಿತು. ಯಾರೂ ಕೇಳಿರಲಿಲ್ಲ, ತಾವೇ ಜರ್ನಲ್ಲಿಗೆ ಬರೆದು ಅರ್ಧ ಪುಟದ ತಿದ್ದುಪಡಿ ಹಾಕಿಸಿದ್ದರು. ಅದನ್ನು ನೋಡದ ಜನ ಬೇರೆ ಬೇರೆ ಊರುಗಳಲ್ಲಿ ರಾಗಿ ಹೊಟ್ಟು ಸುಟ್ಟು, ಇಟ್ಟಿಗೆ ಮಾಡಿ, ಅದು ಪುಡಿಯಾದಾಗಲೆಲ್ಲ ಇವರ ಹೆಸರು ಬರೆದಿದ್ದರು.

ಪ್ರಿನ್ಸಿಪಾಲರಿಗೆ ಹೇಳಿದರೆ, "ಕಮಿಟಿಯೋರು ಎಷ್ಟು ಅಂತ ಕೇಳ್ತಾರೆ, ಯಾಕೆ ಅಂತ ಕೇಳಲ್ಲ. ನೀವು ಸುಮ್ನೆ ನಮಸ್ಕಾರ ಮಾಡಿ ಕೂತ್ಕೊಳ್ಳಿ ಮೇಷ್ಟ್ರೇ," ಅಂದರು.

ಕಮಿಟಿ ಬಂತು. ಅದರ ಮುಖ್ಯಸ್ಥರೂ ಸಿವಿಲ್ಲಿನವರೇ, ದೊಡ್ಡ ಹೆಸರು. ಪಟ್ಟಿ ನೋಡಿ, "ಅರವತ್ತೊಂದಾ? ಯಾರಪ್ಪ ಅವರು, ಕರೀರಿ," ಅಂದರು. ಮೇಷ್ಟ್ರು ಬಂದು ನಮಸ್ಕಾರ ಮಾಡಿದರು. ಕೂರಲಿಲ್ಲ.

"ಸಾರ್, ಅದು ತಪ್ಪು ಪೇಪರು. ಇಟ್ಟಿಗೆ ಗಟ್ಟಿಯಾಗಲ್ಲ. ಅದನ್ನ ಹೇಳೋಕೇ ಎಲ್ಲಾರೂ ಸೈಟ್ ಮಾಡಿರೋದು."

ಪ್ರಿನ್ಸಿಪಾಲರು ಕಿಟಕಿಯ ಕಡೆ ತಿರುಗಿಕೊಂಡರು.

"ಅರವತ್ತೊಂದು ಜನರೂ ತಪ್ಪು ಅಂತಲೇ ಬರೆದಿದ್ದಾರಾ?" ಮುಖ್ಯಸ್ಥರು ಕೇಳಿದರು.

"ಅರವತ್ತು ಜನ ಸಾರ್. ಅದರಲ್ಲಿ ನಾನೂ ಒಬ್ಬ, ತಿದ್ದುಪಡೀಲಿ."

"ಇನ್ನೊಬ್ಬರು?"

"ಅವರು ಬಹಳ ಚೆನ್ನಾಗಿದೆ ಅಂತ ಬರೆದಿದ್ದಾರೆ."

"ಓದದೇ ಬರೆದಿರ್ತಾನೆ. ಯಾರದು?"

"ಅದು ಬಿಡಿ ಸಾರ್."

"ಹೇಳ್ರೀ, ಪರವಾಗಿಲ್ಲ." ಮುಖ್ಯಸ್ಥರು ನನ್ನ ಪಟ್ಟಿಯನ್ನೇ ಎಳೆದುಕೊಂಡು ಸೈಟ್ ಮಾಡಿದವರ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಇಳಿಯುತ್ತಾ ಹೋದರು. ಎರಡನೇ ಪುಟದ ನಡುವೆ ಬೆರಳು ನಿಂತಿತು.

"ನಾನು ಏನಂತ ಬರೆದಿದ್ದೀನಿ?" ಅಂತ ಸಣ್ಣ ದನಿಯಲ್ಲಿ ಕೇಳಿದರು.

ಮೇಷ್ಟ್ರಿಗೆ ಬಾಯಿಪಾಠವಾಗಿತ್ತು. "'ಈ ಕ್ಷೇತ್ರದಲ್ಲಿ ಇದೊಂದು ಭದ್ರ ಬುನಾದಿ' ಅಂತ ಸಾರ್."

ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಗು ನಿಂತ ಮೇಲೆ ಆ ತಿದ್ದುಪಡಿ ತರಿಸಿಕೊಂಡು ಅಲ್ಲೇ ಕೂತು ಪೂರ್ತಿ ಓದಿದರು. "ಈ ಅರ್ಧ ಪುಟಕ್ಕೆ ಎಷ್ಟು ಸೈಟೇಶನ್ ಬಂದಿದೆ?"

"ಒಂದು ಸಾರ್."

"ಯಾರು ಮಾಡಿದ್ದು?"

"ನಾನೇ."

"ಇವರ ಬಡ್ತಿ ಫೈಲ್ ತನ್ನಿ," ಅಂದರು ಮುಖ್ಯಸ್ಥರು. "ಇಷ್ಟು ವರ್ಷದಲ್ಲಿ ಕಾಲೇಜು ಕಾಲೇಜು ತಿರುಗಿದ್ದೀನಿ, ತನ್ನ ಅಂಕಿ ಕಮ್ಮಿ ಮಾಡಿ ಅಂತ ಕೇಳಿದೋರನ್ನ ಇವತ್ತೇ ನೋಡಿದ್ದು. ನಾನೂ ಒಂದು ತಿದ್ದುಪಡಿ ಬರೀತೀನಿ ಮೇಷ್ಟ್ರೇ. ಅದರಲ್ಲಿ ನಿಮ್ಮ ತಿದ್ದುಪಡೀನ ಸೈಟ್ ಮಾಡ್ತೀನಿ. ನಿಮಗೆ ಎರಡಾಗುತ್ತೆ."

ಬಡ್ತಿ ಬಂತು. ಮುಖ್ಯಸ್ಥರು ಮಾತು ಉಳಿಸಿಕೊಂಡರು, ಅವರ ತಿದ್ದುಪಡಿಯೂ ಅಚ್ಚಾಯಿತು. ಆದರೆ ಕಂಪ್ಯೂಟರಿನಲ್ಲಿ ನೋಡಿದರೆ ಮೇಷ್ಟ್ರ ತಿದ್ದುಪಡಿಗೆ ಇನ್ನೂ ಒಂದೇ ತೋರಿಸುತ್ತಿತ್ತು. ಯಾಕಿರಬಹುದು ಸಾರ್ ಅಂತ ಅವರನ್ನೇ ಕೇಳಿದೆ.

"ನೋಡ್ದೆ ಮೇಡಂ. ನನ್ನ ಹೆಸರು ತಪ್ಪು ಬರೆದುಬಿಟ್ಟಿದ್ದಾರೆ, ಲೆಕ್ಕಕ್ಕೆ ಬಂದಿಲ್ಲ. ಪಾಪ, ನಿನ್ನೆ ಫೋನ್ ಮಾಡಿದ್ರು. ತಿದ್ದುಪಡಿಗೆ ಒಂದು ತಿದ್ದುಪಡಿ ಕಳಿಸ್ತಾರಂತೆ."