ಹೂಂ ಟೈಲರ್ ತಂದ ಬಿಳಿ ವ್ಯಾನು

ಎಲ್ಲ ತಾಪತ್ರಯಕ್ಕೂ ಮೂಲ ಗುಂಡುಸೂಜಿ. ಟೈಲರು ಕೆಲಸಕ್ಕೆ ಕೈ ಹಾಕಿದನೆಂದರೆ ಒಂದು ಹಿಡಿ ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಳ್ಳುತ್ತಿದ್ದ. ಸೂಜಿ ಚುಚ್ಚಿಡಲೆಂದು ಹೆಂಡತಿ ಹೊಲಿದುಕೊಟ್ಟ ಪುಟ್ಟ ದಿಂಬು ಮೊಳೆಗೆ ನೇತಾಡಿಕೊಂಡೇ ಧೂಳು ಹಿಡಿದಿತ್ತು. ಬಾಯಲ್ಲಿ ಸೂಜಿ ಇರುವ ಮನುಷ್ಯ ಆಡಬಹುದಾದ ಮಾತು ಒಂದೇ.

"ತೋಳು ಸ್ವಲ್ಪ ಬಿಗಿಯಾಯ್ತು ಅಲ್ವೇನಯ್ಯಾ?"

"ಹೂಂ."

"ಇಲ್ಲ ಇಲ್ಲ, ಸರಿಯಾಗೇ ಇದೆ."

"ಹೂಂ."

ಗಿರಾಕಿಗಳಿಗೆ ಇದರಿಂದ ಸಂತೋಷವೇ ಆಗುತ್ತಿತ್ತು. ಮನೆಯಲ್ಲಿ ಯಾರೂ ಒಪ್ಪದ ಮಾತನ್ನು ಒಪ್ಪುವ ಜಾಗ ಅದೊಂದೇ. ಬರಬರುತ್ತ ಅವನ ಸ್ವಂತ ಹೆಸರು ಸವೆದುಹೋಗಿ, ಬೀದಿಗೆಲ್ಲ ಅವನು 'ಹೂಂ ಟೈಲರ್' ಆದ.

ಆ ದಿನ ಬೆಳಿಗ್ಗೆ ಅವನು ಯಜಮಾನರ ಕೋಟನ್ನು ಮಡಿಸಿ ಚೀಲಕ್ಕೆ ಹಾಕುತ್ತಿದ್ದ. ಯಜಮಾನರೆಂದರೆ ಊರಾಚೆಯ ವ್ಯಾನು ಕಾರ್ಖಾನೆಯ ಒಡೆಯರು. ಕಚ್ಚಾ ಹೊಲಿಗೆ ಹಾಕಿದ ಕೋಟನ್ನು ಅವರ ಮೈಮೇಲೆ ತೊಡಿಸಿ ನೋಡಬೇಕಿತ್ತು. ಅಷ್ಟರಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ನಿವೃತ್ತ ಹೆಡ್‌ಮೇಷ್ಟ್ರು ಕಾಣಿಸಿಕೊಂಡರು, ಅವರ ಹಿಂದೆ ಝೆರಾಕ್ಸ್ ಅಂಗಡಿಯವನು.

"ಇವತ್ತು ಕೇಳಿಬಿಡಪ್ಪ," ಎಂದರು ಹೆಡ್‌ಮೇಷ್ಟ್ರು. "ನಮ್ಮ ಬೀದಿಗೊಂದು ಆಂಬುಲೆನ್ಸ್. ಮನೆಯಲ್ಲಿ ದಿನ ತುಂಬಿದ ಮಗಳಿದ್ದಾಳೆ. ನಿನಗಿಂತ ಹೆಚ್ಚು ಬೇಕಾಗಿರೋದು ಯಾರಿಗೆ?"

ಆ ಮಾತು ಟೈಲರಿನ ಎದೆಗೇ ನಾಟಿತು. ಮಗಳಿಗೆ ಇಂದೋ ನಾಳೆಯೋ ಎನ್ನುವಂತಿತ್ತು. ಆಸ್ಪತ್ರೆಯೋ ಊರಿನ ಇನ್ನೊಂದು ತುದಿಯಲ್ಲಿ. ಫೋನು ಮಾಡಿದರೆ ಆಂಬುಲೆನ್ಸಿನವರು ಈ ಬೀದಿಯನ್ನು ಹುಡುಕಿ ಬರುವಷ್ಟರಲ್ಲಿ ಕಾಯಿಲೆ ತಾನಾಗಿಯೇ ವಾಸಿಯಾಗಿರುತ್ತಿತ್ತು, ಇಲ್ಲವೇ ರೋಗಿ ಇರುತ್ತಿರಲಿಲ್ಲ. ಹೋದ ತಿಂಗಳು ಕಾಲು ಮುರಿದುಕೊಂಡ ಝೆರಾಕ್ಸಿನವನ ಅತ್ತೆಯನ್ನು ತರಕಾರಿ ಗಾಡಿಯಲ್ಲಿ ತಳ್ಳಿಕೊಂಡು ಹೋಗಿದ್ದರು. ದಾರಿಯಲ್ಲಿ ಇಬ್ಬರು ನಿಲ್ಲಿಸಿ ಮೂಲಂಗಿ ಇದೆಯಾ ಎಂದು ಕೇಳಿದ್ದರು.

"ಕೇಳ್ತೀನಿ ಮೇಷ್ಟ್ರೇ. ಆದರೆ ಕೊಡ್ತಾರಾ?"

"ಪಕ್ಕದ ಬಡಾವಣೆಯ ಶಾಲೆಗೆ ಡೆಸ್ಕು ಕೊಟ್ಟಿಲ್ವಾ? ಹೆಸರಿಗೋಸ್ಕರ ಕೊಡ್ತಾರಯ್ಯ ಇವರೆಲ್ಲ. ಗಾಡಿ ಮೇಲೆ ದೊಡ್ಡದಾಗಿ ಹೆಸರು ಬರೆಸ್ತೀವಿ ಅನ್ನು, ಕರಗಿಹೋಗ್ತಾರೆ."

"ಹೆಸರೂ ಅಲ್ಲ ಗಿಸರೂ ಅಲ್ಲ," ಝೆರಾಕ್ಸಿನವನು ಮೂಗು ತೂರಿಸಿದ. "ದುಡ್ಡಿರೋರಿಗೆ ಇರೋ ಭಯ ಒಂದೇ, ಸಾಯೋದು. ಆ ಮಾತು ಎತ್ತು. ತಾನಾಗೇ ಕೈ ಬಿಚ್ತಾರೆ. ಆದ್ರೆ ಒಂದು, ಯಾಕೆ ಕೊಡ್ತಿದಾರೆ ಅಂತ ಸರಿಯಾಗಿ ತಿಳ್ಕೊಂಡೇ ಒಪ್ಕೋ. ಇಂಥೋರು ಸುಮ್ಮನೆ ಏನೂ ಕೊಡಲ್ಲ."

ಟೈಲರಿಗೂ ಆ ಅನುಮಾನ ಇಲ್ಲದೆ ಇರಲಿಲ್ಲ. ಯಜಮಾನರ ಅಳತೆ ತೆಗೆದು ತೆಗೆದು ಅವರ ಸೊಂಟ ಎಷ್ಟು ಬೆಳೆದಿದೆ ಎಂದು ಅವನಿಗೆ ಗೊತ್ತಿತ್ತು. ಮನಸ್ಸು ಬೆಳೆದಿದ್ದನ್ನು ಮಾತ್ರ ಕಂಡಿರಲಿಲ್ಲ.

ಕಾರ್ಖಾನೆಯ ಮಹಡಿಯ ಕೋಣೆಯಲ್ಲಿ ಯಜಮಾನರು ನಿಲುವುಗನ್ನಡಿಯ ಮುಂದೆ ಎರಡೂ ಕೈ ಚಾಚಿ, ಹೊಲದಲ್ಲಿ ನಿಲ್ಲಿಸಿದ ಬೆದರುಗೊಂಬೆಯಂತೆ ನಿಂತರು. ಟೈಲರು ಮೊದಲು ಹೆಡ್‌ಮೇಷ್ಟ್ರ ಮದ್ದು ತೆಗೆದ.

"ಆ ಶಾಲೆ ಡೆಸ್ಕುಗಳ ಮೇಲೆ ನಿಮ್ಮ ಹೆಸರು ಎಷ್ಟು ಚೆನ್ನಾಗಿ ಕಾಣುತ್ತೆ ಯಜಮಾನ್ರೇ!"

ಯಜಮಾನರು ಮುಖ ಸಿಂಡರಿಸಿದರು. "ಹೋಗಿ ನೋಡಿದ್ದೆ. ಹುಡುಗರು ಹೆಸರಿನ ಮುಂದೆ ಕತ್ತೆ ಚಿತ್ರ ಕೆತ್ತಿದಾರೆ. ಡೆಸ್ಕಿಗೊಂದು ಕತ್ತೆ."

ಟೈಲರು ಬೆನ್ನ ಕಡೆಗೆ ಸರಿದು ಝೆರಾಕ್ಸಿನವನ ಮದ್ದಿಗೆ ಕೈ ಹಾಕಿದ. "ಅಲ್ಲಾ ಯಜಮಾನ್ರೇ, ಮನುಷ್ಯನ ಆಯುಷ್ಯ ಅನ್ನೋದು ನೋಡಿ, ಇವತ್ತು ಕೋಟು ಹೊಲಿಸೋಕೆ ಅಳತೆ ಕೊಟ್ಟೋರು ಅದನ್ನ ಹಾಕ್ಕೊಳ್ಳೋ ಹೊತ್ತಿಗೆ..."

"ಏನಯ್ಯಾ!" ಯಜಮಾನರು ಗಿರಕ್ಕನೆ ತಿರುಗಿದರು. ತಿರುಗಿದ ರಭಸಕ್ಕೆ ಟೈಲರಿನ ಕೈಯಲ್ಲಿದ್ದ ಸೂಜಿ ಅವರ ಪಕ್ಕೆಗೆ ಚುಚ್ಚಿತು. "ಅಯ್ಯಯ್ಯೋ! ಡಾಕ್ಟರು ಏನಾದ್ರೂ ಹೇಳಿದಾರಾ? ನನ್ನ ಹೆಂಡ್ತಿ ಏನಾದ್ರೂ ಹೇಳಿದ್ಲಾ?"

"ಇಲ್ಲ ಇಲ್ಲ, ಸುಮ್ನೆ ಮಾತಿಗೆ ಅಂದೆ!"

ಇನ್ನು ಬಾಯಿ ಬಿಟ್ಟರೆ ಕೋಟೂ ಹೋಗುತ್ತದೆ, ಗಿರಾಕಿಯೂ ಹೋಗುತ್ತಾರೆ ಎಂದುಕೊಂಡ ಟೈಲರು ಡಬ್ಬಿಯಲ್ಲಿದ್ದ ಸೂಜಿಗಳನ್ನೆಲ್ಲ ಬಾಯಿಗೆ ತುಂಬಿಕೊಂಡ. ಬಾಯಿಗೆ ಬೀಗ ಬಿದ್ದಂತಾಯಿತು.

ಯಜಮಾನರು ಪಕ್ಕೆ ಉಜ್ಜಿಕೊಂಡು ಕನ್ನಡಿಯನ್ನೇ ನೋಡುತ್ತ ನಿಂತರು. "ನೋಡಯ್ಯ," ಎಂದರು, "ಈ ಕೋಣೆಗೆ ಬರೋರೆಲ್ಲ ಏನಾದರೊಂದು ಕೇಳೋಕೇ ಬರ್ತಾರೆ. ನಗ್ತಾ ಬಂದ್ರೆ ಇದಕ್ಕೆ, ಅಳ್ತಾ ಬಂದ್ರೆ ಅದಕ್ಕೆ. ಇಷ್ಟು ವರ್ಷದಲ್ಲಿ ಏನೂ ಕೇಳದೆ ಇರೋನು ನೀನೊಬ್ಬನೇ."

ಕೇಳಲೆಂದೇ ಬಂದಿದ್ದ ಟೈಲರಿನ ಕಿವಿ ಬಿಸಿಯಾಯಿತು. "ಹೂಂ."

"ಕೊಟ್ರೆ ಯಾಕೆ ಕೊಟ್ಟ ಅಂತಾರೆ. ಕೊಡದಿದ್ರೆ ಜುಗ್ಗ ಅಂತಾರೆ. ಆ ಸಿಮೆಂಟು ವ್ಯಾಪಾರಿ ಆಸ್ಪತ್ರೆಗೆ ಗೇಟು ಕೊಟ್ಟ, ನನಗೆ ಊಟ ಸೇರ್ಲಿಲ್ಲ. ಹೋಗಿ ಡೆಸ್ಕು ಕೊಟ್ಟೆ. ಮಕ್ಕಳ ಮೇಲಿನ ಪ್ರೀತಿಯಿಂದ ಅಂತ ಭಾಷಣ ಮಾಡ್ದೆ. ಭಾಷಣ ಮಾಡ್ತಾ ಮಾಡ್ತಾ ನನಗೇ ಕಣ್ಣಲ್ಲಿ ನೀರು ಬಂತು. ಯಾವುದು ನಿಜವೋ ನನಗೇ ಗೊತ್ತಾಗಲ್ಲ ಕಣಯ್ಯ."

"ಹೂಂ," ಎಂದ ಟೈಲರು, ಈ ಸಲ ನಿಜವಾಗಿಯೂ ಮನಸ್ಸಿನಿಂದ.

ಯಜಮಾನರು ಕಿಟಕಿಯ ಕಡೆ ಗಲ್ಲ ಎತ್ತಿ ತೋರಿಸಿದರು. ಕೆಳಗೆ ಅಂಗಳದ ಮೂಲೆಯಲ್ಲಿ ಉದ್ದನೆಯ ಬಿಳಿ ವ್ಯಾನೊಂದು ಬಿಸಿಲಿಗೆ ಹೊಳೆಯುತ್ತ ನಿಂತಿತ್ತು. "ಆ ಗಾಡಿ ನಿಮ್ಮ ಬೀದಿಗೆ ಬೇಕೇನಯ್ಯಾ?"

ಟೈಲರು ಹಿಗ್ಗಿಹೋದ. ಬಾಯಿ ತೆರೆಯದೆಯೇ ಆಂಬುಲೆನ್ಸ್! "ಹೂಂ! ಹೂಂ!"

"ನನ್ನ ಹೆಸರು ಬರೆಸಬೇಡಿ. ನಾನು ಕೊಟ್ಟೆ ಅಂತ ಎಲ್ಲೂ ಹೇಳಬೇಡಿ."

"ಹೂಂ."

"ಒಂದ್ಸಲ ಕೊಟ್ಟ ಮೇಲೆ ವಾಪಸ್ ತಗೊಳ್ಳಲ್ಲ. ನಿನ್ನ ಅಂಗಡಿ ಮುಂದೇನೇ ನಿಲ್ಲಲಿ, ಜವಾಬ್ದಾರಿ ನಿಂದೇ."

"ಹೂಂ."

"ಒಳಗಡೆ ಹೇಗಿದೆ ಅಂತ ಈಗಲೇ ನೋಡ್ಕೊಂಡು ಹೋಗ್ತೀಯೋ, ಇಲ್ಲ ಸಂಜೆ ಡ್ರೈವರ್ ಕೈಲಿ ಕಳಿಸಿಬಿಡ್ಲೋ?"

"ಹೂಂ."

"ಹಾಗಾದ್ರೆ ಸಂಜೇನೇ ಕಳಿಸ್ತೀನಿ," ಎಂದು ಯಜಮಾನರು ಫೋನೆತ್ತಿಕೊಂಡರು. ಟೈಲರು ಸೂಜಿಗಳನ್ನು ಅಂಗೈಗೆ ಉಗುಳಿ, ಯಾಕೆ ಕೊಡುತ್ತಿದ್ದೀರಿ ಎಂದು ಕೇಳುವ ಧೈರ್ಯ ತಂದುಕೊಳ್ಳುವ ಹೊತ್ತಿಗೆ ಮಾತು ಮುಗಿದುಹೋಗಿತ್ತು.

ಬೀದಿಗೆ ಬಂದು ಕತ್ತೆ ಚಿತ್ರದಿಂದ ಹಿಡಿದು ಎಲ್ಲ ಸುದ್ದಿ ಹೇಳಿದಾಗ ಅವನನ್ನು ಹೆಗಲ ಮೇಲೆ ಹೊತ್ತುಕೊಳ್ಳುತ್ತಾರೆ ಎಂದುಕೊಂಡಿದ್ದ. ಯಾರೂ ಹೊರಲಿಲ್ಲ.

"ಹೆಸರು ಬೇಡ ಅಂದ್ರಾ?" ಹೆಡ್‌ಮೇಷ್ಟ್ರ ಹುಬ್ಬು ಗಂಟಿಕ್ಕಿತು. "ಕತ್ತೆ ಚಿತ್ರದ ಪಕ್ಕ ಇದ್ರೂ ಹೆಸರು ಇರಲಿ ಅನ್ನೋ ಜನ ಅವರು. ಇದರಲ್ಲಿ ಏನೋ ಇದೆ."

"ಕದ್ದ ಮಾಲು," ಎಂದ ಝೆರಾಕ್ಸಿನವನು. "ಇಲ್ಲಾಂದ್ರೆ ಇಂಜಿನ್ನೇ ಇರಲ್ಲ. ಅದು ಸರಿ, ನಿನಗೇನು ಸಿಕ್ತು?"

"ನನಗಾ? ನನಗೇನು ಸಿಗುತ್ತೆ?"

"ಅಂಗಡಿ ಮುಂದೆ ಗಾಡಿ, ಕೈಯಲ್ಲಿ ಕೀ. ಏನೂ ಸಿಗದೆ ಇಷ್ಟೆಲ್ಲ ಮೈಮೇಲೆ ಹಾಕ್ಕೊಳ್ತೀಯಾ? ಹೇಳಪ್ಪ, ನಾವೇನು ಹೊರಗಿನೋರಾ?"

ಮಧ್ಯಾಹ್ನವೆಲ್ಲ ಇದೇ ಆಯಿತು. ಬಂದವರೆಲ್ಲ ನಗುನಗುತ್ತಲೇ ಕೆದಕಿದರು. ಊಟಕ್ಕೆ ಕೂತಾಗ ಹೆಂಡತಿಯೂ ತಣ್ಣಗೆ, "ರೀ, ನಿಜ ಹೇಳಿ, ನನಗೂ ಮುಚ್ಚಿಡ್ತೀರಾ?" ಎಂದಳು. ಬೆಳಿಗ್ಗೆ ಯಜಮಾನರ ಮೇಲಿದ್ದ ಅನುಮಾನವೆಲ್ಲ ವರ್ಗವಾಗಿ ಅವನ ತಲೆಯ ಮೇಲೆ ಬಂದು ಕೂತಿತ್ತು. ಕೊನೆಗೆ ಅವನು ಅಂಗಡಿಗೆ ಹೋಗಿ ಒಂದು ಪ್ಯಾಂಟು ಎಳೆದುಕೊಂಡು, ಬಾಯಿಗೆ ಸೂಜಿ ತುಂಬಿಕೊಂಡು ಕೂತ. "ಯಜಮಾನ್ರು ನಿನಗೆ ದುಡ್ಡು ತಾನೇ ಕೊಟ್ಟಿದ್ದು?" ಎಂದು ಯಾರೋ ಬಾಗಿಲಲ್ಲಿ ಇಣುಕಿ ಕೇಳಿದರು. ಅಭ್ಯಾಸಬಲದಿಂದ ಅವನು "ಹೂಂ" ಎಂದ. ಅಲ್ಲಿಗೆ ಮುಗಿಯಿತು.

ಸಂಜೆ ಬಿಸಿಲು ಇಳಿಯುವ ಮುಂಚೆಯೇ ವ್ಯಾನು ಬಂತು. ಇಂಜಿನ್ನೂ ಇತ್ತು. ಬೀದಿಗೆ ಬೀದಿಯೇ ಸುತ್ತ ನೆರೆಯಿತು. ಟೈಲರು ಬಾಯಲ್ಲಿ ಸೂಜಿ ಇರುವಂತೆಯೇ ಓಡಿಬಂದ. ಡ್ರೈವರು ಇಳಿದು ಹಿಂದಿನ ಬಾಗಿಲು ತೆರೆದ.

ಒಳಗೆ ಹಾಸಿಗೆ ಇರಲಿಲ್ಲ. ಸೀಟೂ ಇರಲಿಲ್ಲ. ಎರಡೂ ಕಡೆ ದೊಡ್ಡ ದೊಡ್ಡ ಗಾಜು, ನಡುವೆ ಆಳುದ್ದದ ತಣ್ಣನೆಯ ಸ್ಟೀಲಿನ ಹಲಗೆ, ಅದರ ತಲೆಯ ಕಡೆ ಹೂ ಇಡಲು ಎರಡು ಬುಟ್ಟಿ.

ಹೆಡ್‌ಮೇಷ್ಟ್ರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ಇದು ಹೆಣದ ಗಾಡಿ ಅಲ್ವೇನಪ್ಪ?"

"ಹೌದು ಸಾರ್," ಎಂದ ಡ್ರೈವರು ಖುಷಿಯಿಂದ. "ಯಾರೋ ಮಾಡೋಕೆ ಹೇಳಿ ಬಿಟ್ಟುಹೋದ್ರು. ಅಂಗಳದಲ್ಲಿ ನಿಂತು ಎಷ್ಟು ಕಾಲ ಆಯ್ತೋ! ಬಂದ ಗಿರಾಕಿಗಳೆಲ್ಲ ಇದನ್ನ ನೋಡಿ ಅಪಶಕುನ ಅಂತ ಗೇಟಿಂದಾನೇ ವಾಪಸ್ ಹೋಗೋರು. ಯಜಮಾನ್ರು ಎಲ್ಲರಿಗೂ ಪುಕ್ಕಟೆ ತಗೊಳ್ಳಿ ಅಂದ್ರು. ಒಬ್ಬರೂ ಬೇಕು ಅನ್ಲಿಲ್ಲ. ನಿಮ್ಮ ಟೈಲರಣ್ಣ ಒಬ್ಬರೇ ನೋಡಿ, ಕೇಳಿದ್ದಕ್ಕೆಲ್ಲ ಹೂಂ ಅಂದಿದ್ದು."

ಬೀದಿಯ ಕಣ್ಣುಗಳೆಲ್ಲ ಟೈಲರಿನ ಕಡೆ ತಿರುಗಿದವು. ಅದೇ ಹೊತ್ತಿಗೆ ಮನೆಯೊಳಗಿಂದ ಮಗಳ ಕೂಗು ಕೇಳಿಸಿತು.

"ಅಪ್ಪಾ! ಅಮ್ಮಾ! ಶುರುವಾಯ್ತು!"

ಬೇರೆ ಗಾಡಿ ಎಲ್ಲಿಂದ ತರುವುದು? ತರಕಾರಿಯವನು ಆಗಲೇ ಮನೆಗೆ ಹೋಗಿದ್ದ. ಮಗಳು ವ್ಯಾನನ್ನು ಒಮ್ಮೆ, ಅಪ್ಪನನ್ನು ಒಮ್ಮೆ ನೋಡಿ, "ನಾನು ಸಾಯೋದಿಲ್ಲ, ಮುಂದೆ ಕೂರ್ತೀನಿ," ಎಂದು ಹಲ್ಲು ಕಚ್ಚಿ ಹತ್ತಿದಳು. ಪಕ್ಕದಲ್ಲಿ ತಾಯಿ ಕೂತಳು. ಅಲ್ಲಿಗೆ ಮುಂದಿನ ಸೀಟು ಭರ್ತಿ. "ನೀವು ಹಿಂದೆ ಹತ್ತಿ ಅಣ್ಣಾ, ಬೇಗ," ಎಂದು ಡ್ರೈವರು ಟೈಲರನ್ನು ಒಳಕ್ಕೆ ನೂಕಿ ಹೊರಗಿನಿಂದ ಚಿಲಕ ಹಾಕಿದ.

ಮೊದಲ ತಿರುವಿನಲ್ಲೇ ಟೈಲರು ಉರುಳಿಬಿದ್ದ. ಎರಡನೆಯದರಲ್ಲಿ ಇನ್ನೊಂದು ಕಡೆಗೆ ಉರುಳಿದ. ಮಲಗದೆ ಬೇರೆ ದಾರಿಯಿಲ್ಲವೆಂದು ಹಲಗೆಯ ಮೇಲೆ ಅಂಗಾತ ಮಲಗಿ ಎರಡೂ ಅಂಚು ಹಿಡಿದುಕೊಂಡ. ಬಾಯಲ್ಲಿ ಸೂಜಿಗಳು ಹಾಗೇ ಇದ್ದವು. ಉಗುಳಿದರೆ ಬೆನ್ನ ಕೆಳಗೇ ಬಂದು ಚುಚ್ಚುತ್ತವೆ. ಆದರೆ ಗಾಡಿ ಎಲ್ಲೂ ನಿಲ್ಲಲಿಲ್ಲ ನೋಡಿ! ಬಸ್ಸುಗಳು ಪಕ್ಕಕ್ಕೆ ಸರಿದವು. ಅಂಗಡಿಯವರು ಎದ್ದು ನಿಂತರು. ಟ್ರಾಫಿಕ್ ಪೊಲೀಸು ಎಲ್ಲರನ್ನೂ ತಡೆದು ಟೋಪಿ ತೆಗೆದ. ಟೈಲರಿಗೆ ಹುಟ್ಟಿದಾಗಿನಿಂದ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ಆಸ್ಪತ್ರೆಯ ಮುಂದೆ ಸಿಮೆಂಟು ವ್ಯಾಪಾರಿಯ ಹೆಸರು ಹೊತ್ತ ಗೇಟು ಅಡ್ಡ ಬಂತು. "ಈ ಗಾಡಿ ಇಲ್ಲಿ ಬರೋ ಹಾಗಿಲ್ಲ, ಹಿಂದಿನ ಗೇಟಿಗೆ ಹೋಗಿ," ಎಂದ ಕಾವಲುಗಾರ. ಮಗಳು ಅಲ್ಲೇ ಇಳಿದಳು. ನರ್ಸುಗಳು ಗಾಲಿಕುರ್ಚಿ ತಂದು ಅವಳನ್ನು ಒಳಗೆ ಕರೆದೊಯ್ದರು. ತಾಯಿ ಹಿಂದೆ ಓಡಿದಳು. ಗಾಬರಿಯಲ್ಲಿ ಹಿಂದೆ ಒಬ್ಬನಿದ್ದಾನೆಂಬುದು ಯಾರಿಗೂ ನೆನಪಾಗಲಿಲ್ಲ. ಡ್ರೈವರು ಕಾವಲುಗಾರ ಹೇಳಿದಂತೆ ಗಾಡಿಯನ್ನು ಹಿಂದಿನ ಗೇಟಿಗೆ ತಂದು ನಿಲ್ಲಿಸಿ, ಟೀ ಕುಡಿಯಲು ಹೋದ.

ಶವಾಗಾರದವನು ಬಂದು ಚಿಲಕ ತೆಗೆದ. ಒಳಗೆ ಇಣುಕಿ, ಹಲಗೆಯ ಮೇಲಿದ್ದವನ ಬಾಯಲ್ಲಿ ಮಿರಿಮಿರಿ ಹೊಳೆಯುತ್ತಿದ್ದ ಸೂಜಿಗಳನ್ನು ನೋಡಿ ಅನುಮಾನದಿಂದ ಮುಖ ಹತ್ತಿರ ತಂದ.

"ಇದೇನು, ಮಾಟ ಗೀಟ ಮಾಡಿಸಿದಾರಾ?"

ಟೈಲರು ಮೆಲ್ಲನೆ ಎದ್ದು ಕೂತು ಅವನ ಕಡೆ ನೋಡಿದ.

"ಹೂಂ."