ಬಾಯಲ್ಲೇ ಸ್ಟಾರ್ಟ್ ಆದ ಟ್ರಕ್

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಟ್ಟರೆ ಉಳಿದವರ ಬಾಯಿಗೆ ಕೆಲಸ ಕಡಿಮೆ. ದೇವರು ಕೆಲವರಿಗೆ ಕೈಯಲ್ಲಿ ಕಸುಬು ಕೊಡುತ್ತಾನೆ, ನನಗೆ ಬಾಯಲ್ಲಿ ಕೊಟ್ಟ. ಸಿಟಿ ಬಸ್ಸಿನ ಕಂಡಕ್ಟರ್, ಮೀನು ಮಾರುವ ಅಕ್ಕ, ಮದುವೆಮನೆಯಲ್ಲಿ ಅಳುವ ನನ್ನ ಅಮ್ಮ, ಯಾರನ್ನೂ ಅಣಕಿಸದೆ ಬಿಟ್ಟವನಲ್ಲ. ಕನ್ನಡಿಯ ಮುಂದೆ ನನ್ನನ್ನೇ ಅಣಕಿಸಲು ನೋಡಿದ್ದೇನೆ. ಅದೊಂದು ಮಾತ್ರ ಸರಿಯಾಗಿ ಬರುವುದಿಲ್ಲ.

ನನ್ನ ಸೋದರಮಾವ ಸೈನ್ಯದಲ್ಲಿ ಡ್ರೈವರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಸೈನ್ಯದ್ದೇ ಹಳೆಯ ಟ್ರಕ್ಕೊಂದನ್ನು ಹರಾಜಿನಲ್ಲಿ ಹಿಡಿದು ತಂದು ಉರ್ವದ ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ತಿಂಗಳಿಗೊಮ್ಮೆ ಅದನ್ನೇರಿ ಮಾರ್ಕೆಟಿಗೆ ಹೋಗಿ ಅರ್ಧ ಕಿಲೋ ಬಂಗುಡೆ ತರುತ್ತಿದ್ದರು. ಬಂಗುಡೆಗೆ ಅಷ್ಟು ಮರ್ಯಾದೆ ಸಮುದ್ರದಲ್ಲೂ ಸಿಕ್ಕಿರಲಿಕ್ಕಿಲ್ಲ. ಅವರು ಕಾಲಿನ ಆಪರೇಷನ್ ಆಗಿ ಮೂರು ತಿಂಗಳು ಪೇಟೆಯ ಇನ್ನೊಂದು ಕಡೆಯ ಅತ್ತಾವರದಲ್ಲಿ, ಆಸ್ಪತ್ರೆಯ ಹತ್ತಿರವೇ ಕೋಣೆ ಹಿಡಿದು ಇರಬೇಕಾದಾಗ ಟ್ರಕ್ಕಿನ ಎರಡು ಬ್ಯಾಟರಿಗಳನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

"ವಾರಕ್ಕೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡು, ಅರ್ಧ ಗಂಟೆ ಎಂಜಿನ್ ಓಡಿಸು. ಬರೀ ಸ್ಟಾರ್ಟ್ ಮಾಡಿ ಆಫ್ ಮಾಡ್ಬೇಡ ಮಾರಾಯ, ಅದು ಬ್ಯಾಟರಿಯಿಂದ ಚಾರ್ಜ್ ತೆಗೆಯುವುದು ಮಾತ್ರ, ಕೊಡುವುದಲ್ಲ."

ಮೊದಲ ವಾರ ಹೇಳಿದ ಹಾಗೆಯೇ ಮಾಡಿದೆ. ಆ್ಯಸಿಡ್ ನನ್ನ ಹೊಸ ಪ್ಯಾಂಟನ್ನು ತಿಂದಿತು. ಎರಡನೇ ಭಾನುವಾರ ಮಾವನ ಫೋನ್: "ಎಲ್ಲಿ, ಸ್ಟಾರ್ಟ್ ಮಾಡು, ಕೇಳ್ತೇನೆ." ನಾನು ಮಲಗಿದಲ್ಲಿಂದಲೇ ದಿಂಬಿಗೆ ಬಾಯಿಕೊಟ್ಟು ಘುರ್ರ್ ಎಂದೆ, ಢಬಢಬ ಎಂದೆ. ಮಾವ "ಆಯ್ತು" ಎಂದರು. ಆ ಒಂದು ಮಾತನ್ನು ನಾನು ಚಪ್ಪಾಳೆ ಎಂದುಕೊಂಡೆ. ಆಮೇಲೆ ಪ್ರತಿ ಭಾನುವಾರವೂ ಅದೇ ಪ್ರದರ್ಶನ.

ಅಷ್ಟರಲ್ಲಿ ದುಬೈಯಲ್ಲಿರುವ ಮಗಳು ಮಾವನನ್ನು ತನ್ನಲ್ಲಿಗೇ ಕರೆಸಿಕೊಳ್ಳುವುದೆಂದಾಯಿತು. ಟ್ರಕ್ಕನ್ನು ಹಳೆಯ ಗಾಡಿಗಳ ವ್ಯಾಪಾರ ಮಾಡುವ ಫಳ್ನೀರಿನ ಹಮೀದಾಕನಿಗೆ ಮಾರಿದರು. ಮಾವನ ಶರತ್ತು ಒಂದೇ: ಹೊರಡುವ ದಿನ ಬೆಳಿಗ್ಗೆ ಫಳ್ನೀರಿನವರೆಗೆ ತಾನೇ ಓಡಿಸುವುದು, ಕೊನೆಯ ಸಲ.

ಆ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಊರುಗೋಲನ್ನು ನನ್ನ ಕೈಗೆ ಕೊಟ್ಟು, ಹಲ್ಲು ಕಚ್ಚಿ ಸೀಟಿಗೆ ಹತ್ತಿದರು. ಸ್ಟಾರ್ಟರ್ ಒತ್ತಿದರು. ಟಕ್. ಇನ್ನೊಮ್ಮೆ ಒತ್ತಿದರು. ಆ ಟಕ್ ಕೂಡ ಇಲ್ಲ.

ಜೊತೆಗೆ ಹೋಗಲೆಂದು ಬಂದಿದ್ದ ಹಮೀದಾಕ ಬ್ಯಾಟರಿಯ ಮುಚ್ಚಳ ತೆಗೆದು ನೋಡಿದರು. "ಇದರಲ್ಲಿ ಜೀವ ಇಲ್ಲ. ಬೇಜಾರು ಮಾಡ್ಬೇಡಿ, ನಾಳೆ ಹೊಸತು ಹಾಕುವ."

ಮಾವನ ವಿಮಾನ ಮಧ್ಯಾಹ್ನಕ್ಕಿತ್ತು.

ಕ್ರೇನ್ ಬಂದು ಟ್ರಕ್ಕಿನ ಮೂತಿ ಎತ್ತಿ ಎಳೆದುಕೊಂಡು ಹೋಯಿತು. ಅದು ತಿರುವು ದಾಟುವವರೆಗೆ ಮಾವ ಗೇಟು ಹಿಡಿದುಕೊಂಡೇ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. "ಮಾವ, ಫೋನಿನಲ್ಲಿ ಕೇಳಿಸಿದ್ದು ಗಾಡಿ ಅಲ್ಲ, ನಾನು."

ಅವರು ನನ್ನ ಕೈಯಿಂದ ಊರುಗೋಲು ತೆಗೆದುಕೊಂಡರು.

"ಗೊತ್ತುಂಟು ಮಾರಾಯ. ಆ ಗಾಡಿ ಜನ್ಮದಲ್ಲಿ ಒಮ್ಮೆಯಾದ್ರೂ ಮೊದಲ ಸಲಕ್ಕೇ ಸ್ಟಾರ್ಟ್ ಆದದ್ದುಂಟಾ? ಒಂದು ಭಾನುವಾರವಾದ್ರೂ ನಿನಗೆ ನಾಚಿಕೆ ಆದೀತು ಅಂತ ಫೋನ್ ಮಾಡ್ತಾ ಇದ್ದದ್ದು ನಾನು."