ನಮ್ಮಕ್ಕನ ಸಿಂಹ ರಾಶಿ

ನಮ್ಮಕ್ಕ ಮನುಷ್ಯಳಲ್ಲ, ಸಿಂಹ! ಇದು ನನ್ನ ಮಾತಲ್ಲ, ಅವಳೇ ಹೇಳಿಕೊಳ್ಳುವುದು. ನಾವಿಬ್ಬರೂ ಅವಳಿ. ಅವಳಾದ ಹತ್ತು ನಿಮಿಷಕ್ಕೆ ನಾನು. ನಕ್ಷತ್ರ ಇಬ್ಬರದೂ ಉತ್ತರೆಯೇ, ಆದರೆ ಆ ಹತ್ತು ನಿಮಿಷದೊಳಗೆ ಚಂದ್ರ ಸಿಂಹದಿಂದ ಕನ್ಯಾ ರಾಶಿಗೆ ದಾಟಿಬಿಟ್ಟನಂತೆ. ಆ ಪುಣ್ಯಾತ್ಮನಿಗೆ ಒಂದು ಕಾಲು ಗಂಟೆ ತಡೆಯೋಕೆ ಏನಾಗಿತ್ತು? ಅಂದಿನಿಂದ ಅವಳು ಸಿಂಹ, ನಾನು ಸಿಂಹದ ತಂಗಿ.

ಬಸ್ಸಿನಲ್ಲಿ ಕಿಟಕಿ ಸೀಟು ಅವಳದು. ಕೋಳಿ ಸಾರಿನಲ್ಲಿ ತೊಡೆ ಪೀಸು ಅವಳದು. "ಅವ್ಳು ಸಿಂಹ ಕಣವ್ವ, ಹಟ ಜಾಸ್ತಿ, ಬುಟ್ಕೊಡು" ಎನ್ನುತ್ತಿದ್ದಳು ಅವ್ವ. ಕನ್ಯಾ ರಾಶಿಯವರು ಕೋಳಿ ತೊಡೆ ತಿನ್ನಬಾರದು ಅಂತ ಯಾವ ಪಂಚಾಂಗದಲ್ಲಿದೆ, ನೀವೇ ಹೇಳಿ!

ಈಗ ಮೊಬೈಲು ಬಂದ ಮೇಲೆ ಅವಳು ಗುರುವೂ ಆಗಿದ್ದಾಳೆ. ಬೆಳಗಾದರೆ ವಾಟ್ಸಾಪಿನಲ್ಲಿ ಅವಳ ದನಿ: "ಒಂದೊಂದ್ ರಾಶಿಗೂ ದೇವ್ರು ಒಂದೊಂದ್ ಪಾಠ ಇಟ್ಟವ್ನೆ. ಸಿಂಹಕ್ಕೆ ವಿನಯ, ಕನ್ಯಾಗೆ ಬ್ಯಾರೇವ್ರ ತಪ್ಪು ಹುಡುಕ್ದೆ ಇರೋದು."

"ನಿನ್ ಪಾಠ ಎಲ್ಲಿಗ್ ಬಂತಕ್ಕ?" ಎಂದೆ.

"ಒಂದೇ ವಾರ್ದಲ್ಲಿ ಕಲ್ತುಬುಟ್ಟೆ ಕಣೇ! ಈಗ ನಮ್ಮೂರ್ನಲ್ಲಿ ನನ್ನಷ್ಟು ವಿನಯ ಯಾರ್ಗೂ ಇಲ್ಲ."

ತಪ್ಪು ಹುಡುಕಬಾರದಲ್ಲ, ಕೈಮುಗಿಯುವ ಚಿತ್ರ ಕಳಿಸಿದೆ.

ಅವ್ವನ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಒಂದು ಸಲ ಮರಿಗಳು ಮೊಟ್ಟೆಯೊಡೆದ ದಿನ ನೋಡಿ ಅಕ್ಕ ಅವಕ್ಕೂ ರಾಶಿ ಹೇಳಿದಳು. ಕಟಕವಂತೆ! "ಬಲು ಸೂಕ್ಷ್ಮ. ಜೋರಾಗ್ ಮಾತಾಡಿದ್ರೆ ನೊಂದ್ಕತ್ತವೆ." ಸರಿ, ಆ ಹುಳದ ಬೆಳೆ ಮುಗಿಯುವತನಕ ಅಪ್ಪ, ಅವ್ವ ಪಿಸುಮಾತಿನಲ್ಲೇ ಜಗಳವಾಡಿದರು. ನಮ್ಮ ಮನೆ ಅಷ್ಟು ನೆಮ್ಮದಿಯಾಗಿ ಇದ್ದದ್ದು ಅದೇ ಮೊದಲು.

ಇದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಒಂದೇ. ಹುಳ ಮೇವು ಬಿಟ್ಟು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ, ಪೂಜೆ ಮಾಡಿ ಮೊದಲ ಹುಳವನ್ನು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಬಿಡುವುದು ನಮ್ಮಲ್ಲಿ ಕೈಗುಣ ಇರುವವರ ಕೆಲಸ. "ಸಿಂಹದ ಕೈ" ಎಂದು ಅವ್ವ ಪ್ರತಿ ಸಲ ಅಕ್ಕನನ್ನೇ ಕರೆಯುತ್ತಾಳೆ. ಮದುವೆಯಾಗಿ ಹೊಂಗನೂರು ಸೇರಿದ ಮೇಲೂ ಅವಳು ಎರಡು ಬಸ್ಸು ಹತ್ತಿ ಬರುತ್ತಾಳೆ. ಹತ್ತಿರದ ಬಿಡದಿಯಲ್ಲೇ ಇರುವ ನಾನು ಸೊಪ್ಪು ಹೊತ್ತು, ಕಸ ತೆಗೆದು, ಚಂದ್ರಿಕೆ ಒರೆಸಿ ಕೊಡುತ್ತೇನೆ. ನನ್ನ ಕೈ ತಾಗಿದರೆ ಹುಳ ದಾರ ಬಿಡುವುದಿಲ್ಲವೆ? ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ?

ಕಳೆದ ತಿಂಗಳು ಅವ್ವ ಮಂಗಳಾರತಿ ಮಾಡಿ ಕರೆದರೆ ಅಕ್ಕ ಹುಳದ ಮನೆಯ ಬಾಗಿಲಾಚೆಯೇ ನಿಂತುಬಿಟ್ಟಳು. "ಈ ಸಲ ನೀನೇ ಬುಡೇ" ಎಂದಳು ನನಗೆ.

"ಯಾಕಕ್ಕ, ವಿನಯ ಜಾಸ್ತಿಯಾಯ್ತ?" ಎನ್ನುತ್ತಲೇ ಓಡಿಹೋಗಿ ಹುಳ ಎತ್ತಿಕೊಂಡೆ. ಅವಳ ಮನಸ್ಸು ಬದಲಾದರೆ?

ಅವಳು ನಗಲಿಲ್ಲ. ನನ್ನನ್ನು ಬಾಗಿಲ ಬಳಿಗೆ ಕರೆದು, ಅಂಗೈಗಳನ್ನು ಸೆರಗಿಗೆ ಉಜ್ಜುತ್ತಾ, ಅವ್ವನಿಗೆ ಕೇಳದಂತೆ ಹೇಳಿದಳು: "ಹೊಂಗನೂರ್ ಮನೇಲಿ ಎಲ್ಡು ಬೆಳೆ ಗೂಡೇ ಕಟ್ನಿಲ್ಲ ಕಣೇ. ಹುಳ ಎಲ್ಲಾ ಸತ್ತೋದ್ವು. ನನ್ ಕೈಯೇ ಸರಿ ಇಲ್ಲ ಅಂದ್ರು ನಮ್ಮತ್ತೆ. ಇಲ್ಲೂ ಹಂಗೇ ಆಗ್ಬುಟ್ರೆ? ಅವ್ವಂಗೆ ಹೇಳ್ಬ್ಯಾಡ."

ಇಷ್ಟು ವರ್ಷ ಬೇಡಿದ ಜಾಗ ನನ್ನ ಮುಂದೆ ಖಾಲಿ ಇತ್ತು. ನನಗದು ಬೇಕಿತ್ತು. ದೇವರಾಣೆ, ಈಗಲೂ ಬೇಕು! ಆದರೆ ಆ ಅಂಗೈಗಳನ್ನು ನೋಡಲಾಗಲಿಲ್ಲ. "ಬಾರಕ್ಕ" ಎಂದು ಮುಂಗೈ ಹಿಡಿದು ಒಳಗೆಳೆದೆ. ಹುಳವನ್ನು ಅವಳ ಕೈಗಿಟ್ಟೆ. ಅವಳ ಕೈ ಕೆಳಗೆ ನನ್ನ ಕೈ ಕೊಟ್ಟೆ.

ಹುಳ ಮೆಲ್ಲಗೆ ಚಂದ್ರಿಕೆಗೆ ಹತ್ತಿ, ತಲೆಯೆತ್ತಿ ಅತ್ತಿತ್ತ ಆಡಿಸಿತು. ಅಕ್ಕ ಬಗ್ಗಿ ನೋಡುತ್ತಿದ್ದಳು. ಅದು ಮೊದಲ ಎಳೆ ಬಿಡುವವರೆಗೂ ನಾನು ಅವಳ ಕೈ ಬಿಡಲಿಲ್ಲ.